ಕೈ ಜಾರಿದ ಬೆಳಿಗ್ಗೆ

ಪ್ರಮೀಳಾ ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಹೈಸ್ಕೂಲಿನಲ್ಲಿ ಕಬಡ್ಡಿ ಆಡುತ್ತಿದ್ದಳು, ಪೊಲೀಸ್ ಕೆಲಸಕ್ಕೆ ಸೇರಿದ ಮೇಲೂ ಇಲಾಖೆಯ ಕ್ರೀಡಾಕೂಟಗಳಲ್ಲಿ ಆಡಿದಳು. ರೇಡಿಗೆ ಬಂದವರ ಮಣಿಕಟ್ಟು ಒಮ್ಮೆ ಅವಳ ಕೈಗೆ ಸಿಕ್ಕಿತೆಂದರೆ ಬಿಡಿಸಿಕೊಂಡು ಹೋದವರಿಲ್ಲ. ಠಾಣೆಯಲ್ಲಿ ಎಲ್ಲರೂ ಅವಳನ್ನು 'ಉಡ' ಎಂದು ರೇಗಿಸುತ್ತಿದ್ದರು. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆಯಿತ್ತು.

ಮೂವತ್ತಾರನೇ ವಯಸ್ಸಿಗೆ ಹೆಡ್ ಕಾನ್‌ಸ್ಟೇಬಲ್ ಆಗಿ ಚನ್ನಗಿರಿ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ಸಿದ್ದಲಿಂಗೇಶನದು ನ್ಯಾಮತಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಇವಳದು ತುರ್ತು ಕರೆಗೆ ಓಡುವ 112ರ ಗಾಡಿಯಲ್ಲಿ ಡ್ಯೂಟಿ. ಡ್ರೈವರ್ ಅರುಣ್ ಕುಮಾರ್ ಹೊನ್ನಾಳಿಯ ಹುಡುಗ, ಇಪ್ಪತ್ತೆಂಟು ವರ್ಷ, ತುಂಗಭದ್ರೆಯಲ್ಲಿ ಈಜು ಕಲಿತವನು. ಅವಳನ್ನು 'ಅಕ್ಕ' ಎನ್ನುತ್ತಿದ್ದ.

ಅಕ್ಟೋಬರಿನ ಒಂದು ಬೆಳಿಗ್ಗೆ ಒಂಬತ್ತೂಕಾಲಿಗೆ ಕರೆ ಬಂತು. ಅಡಿಕೆ ಸುಲಿಯಲು ಹೆಂಗಸರನ್ನು ಕೂರಿಸಿಕೊಂಡು ಹೊರಟಿದ್ದ ಲಗೇಜ್ ಆಟೊ ಭದ್ರಾ ಚಾನಲ್ಲಿಗೆ ಉರುಳಿತ್ತು. ಗಾಡಿ ಹತ್ತಿರದಲ್ಲೇ ಇತ್ತು, ಆರು ನಿಮಿಷಕ್ಕೆ ತಲುಪಿದರು. ಚಾನಲ್ಲಿನಲ್ಲಿ ಏರಿಯ ಮಟ್ಟಕ್ಕೆ ನೀರು. ಆಟೊದ ಒಂದು ಚಕ್ರ ಮಾತ್ರ ಮೇಲೆ ಕಾಣುತ್ತಿತ್ತು, ಅದು ನೀರಿನ ಸೆಳೆತಕ್ಕೆ ತಿರುಗುತ್ತಿತ್ತು. ಹೆಂಗಸರು ಅದನ್ನೂ ಒಬ್ಬರನ್ನೊಬ್ಬರನ್ನೂ ಹಿಡಿದುಕೊಂಡು ನೀರಲ್ಲಿದ್ದರು. ಅರುಣ ಬೂಟು ಕೂಡ ಬಿಚ್ಚದೆ ಧುಮುಕಿದ.

ಪ್ರಮೀಳಾಗೆ ಈಜು ಬರುತ್ತಿರಲಿಲ್ಲ. ಸಿಮೆಂಟಿನ ಇಳಿಜಾರಿನ ಮೇಲೆ ಬೋರಲು ಮಲಗಿ ಕೈ ಚಾಚಿದಳು. ಊರಿನವರಿಬ್ಬರು ಓಡಿಬಂದು ಅವಳ ಕಾಲು ಹಿಡಿದುಕೊಂಡರು. ಅರುಣ ಒಬ್ಬೊಬ್ಬರನ್ನೇ ದಡದ ಕಡೆ ನೂಕಿದ, ಇವಳು ಎಳೆದು ಹಾಕಿದಳು. ಹೀಗೆ ಆಟೊ ಓಡಿಸುತ್ತಿದ್ದವನೂ ಸೇರಿ ನಾಲ್ಕು ಜನ ಬದುಕಿದರು. ಐದನೆಯವಳು ನಲವತ್ತರ ಹೆಂಗಸು. ಅವಳ ಮಣಿಕಟ್ಟು ಪ್ರಮೀಳಾಳ ಎರಡೂ ಕೈಗೆ ಸಿಕ್ಕಿತು. ಮುಖ ನೀರಿನಿಂದ ಮೇಲೆ ಬಂದಿತ್ತು, ಕಣ್ಣು ತೆರೆದಿದ್ದವು.

"ಬಿಡಬ್ಯಾಡಮ್ಮ," ಅಂದಳು ಅವಳು.

"ಬಿಡಲ್ಲ, ಬಿಡಲ್ಲ," ಅಂದಳು ಪ್ರಮೀಳಾ.

ಮರುಕ್ಷಣ ಯಾರೋ ಕಿತ್ತುಕೊಂಡ ಹಾಗೆ ಆ ಕೈ ಜಾರಿಹೋಯಿತು. ಬಳೆಗಳು ಒಡೆದವು. ಪ್ರಮೀಳಾ ನೀರನ್ನೇ ನೋಡುತ್ತ ಹಾಗೇ ಮಲಗಿದ್ದಳು, ಎರಡೂ ಕೈ ಮುಷ್ಟಿ ಕಟ್ಟಿಕೊಂಡು. ಅಷ್ಟರಲ್ಲಿ ಸ್ವಲ್ಪ ಕೆಳಗಡೆ ಅರುಣ ಹದಿನೇಳರ ಒಬ್ಬ ಹುಡುಗಿಯನ್ನು ದಡಕ್ಕೆ ತಂದ. ಹುಡುಗಿ ಬದುಕಿದಳು. ಆ ಹೆಂಗಸು ಸಿಕ್ಕಿದ್ದು ಮಧ್ಯಾಹ್ನ, ಎರಡು ಕಿಲೋಮೀಟರ್ ಕೆಳಗಿನ ತೂಬಿನ ಹತ್ತಿರ. ಅವಳ ಹೆಸರು ಕಾಟಮ್ಮ.

ಹೆಣ್ಣಿನ ಹೆಣ ಅಂದಮೇಲೆ ಪಂಚನಾಮೆಗೆ ಮಹಿಳಾ ಪೊಲೀಸ್ ಬೇಕು. ಆ ಹೊತ್ತಿಗೆ ಇದ್ದದ್ದು ಪ್ರಮೀಳಾ ಒಬ್ಬಳೇ. ಆಸ್ಪತ್ರೆಯ ಶವಾಗಾರದಲ್ಲಿ ಸಬ್ ಇನ್ಸ್‌ಪೆಕ್ಟರ್ ಹೊರಗಿನಿಂದ ಕೇಳುತ್ತಿದ್ದರು, ಇವಳು ಒಳಗಿನಿಂದ ಹೇಳುತ್ತಿದ್ದಳು. ಮೂಗುಬಟ್ಟು ಒಂದು. ಕಾಲುಂಗುರ ಎರಡು. ಕರಿಮಣಿ ಸರ ಒಂದು. ಬಲಗೈಯಲ್ಲಿ ಗಾಯವೇನಾದರೂ ಇದೆಯೇ ಎಂದು ಅವರು ಕೇಳಿದರು.

"ಐತೆ ಸಾರ್," ಅಂದಳು. "ಮಣಿಕಟ್ಟಿನ ಸುತ್ತ ಬೆರಳಿನ ಗುರುತು."

"ಯಾರ ಬೆರಳು?"

"ನನ್ನವು ಸಾರ್."

ಹೊರಗಿನಿಂದ ಪೆನ್ನಿನ ಸದ್ದು ಕೇಳಿಸಿತು.

ವಾರ ಕಳೆದ ಮೇಲೆ ಇಬ್ಬರಿಗೂ ಪ್ರಶಂಸಾ ಪತ್ರ ಬಂತು. ಐದು ಜೀವ ಉಳಿಸಿದ ಪೊಲೀಸರು ಎಂದು ಪೇಪರಿನಲ್ಲಿ ಫೋಟೊ ಬಂತು. ಅರುಣ ಫೋಟೊದಲ್ಲಿ ನಗುತ್ತಿದ್ದ. ಪ್ರಮೀಳಾ ಅದನ್ನು ನೋಡಿ, ಇವನಿಗೆ ನಿದ್ದೆ ಹೆಂಗೆ ಬರುತ್ತದೋ ಅಂದುಕೊಂಡಳು. ಅವಳು ಅತ್ತಿರಲಿಲ್ಲ. ರಜೆಯನ್ನೂ ಕೇಳಲಿಲ್ಲ. ಆದರೆ ಬಲಗೈಯಲ್ಲಿ ಅನ್ನ ಕಲಸುವುದು ನಿಂತುಹೋಯಿತು. ಚಮಚದಲ್ಲಿ ತಿನ್ನತೊಡಗಿದಳು. "ಇದೇನು ಹೊಸ ರೂಢಿ?" ಎಂದು ಸಿದ್ದಲಿಂಗೇಶ ಕೇಳಿದರೆ, ಬೆರಳು ಉರಿಯುತ್ತದೆ ಅಂದಳು. ಬೆರಳಲ್ಲಿ ಏನೂ ಇರಲಿಲ್ಲ. ಗಾಡಿ ಹತ್ತಲು ಆಗಲ್ಲ ಎಂದು ಅನ್ನಿಸಿದಾಗ, ಮನೆ ಹತ್ತಿರ ಬೇಕು ಎಂಬ ಕಾರಣ ಬರೆದು ವರ್ಗ ಕೇಳಿದಳು. ಜನವರಿಯಲ್ಲಿ ನ್ಯಾಮತಿಗೆ ಬಂದಳು. ಅರುಣನಿಗೆ ಹೇಳಿಯೂ ಬರಲಿಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ ನ್ಯಾಮತಿ ಬಸ್ ನಿಲ್ದಾಣದಲ್ಲಿ ಅವಳ ಡ್ಯೂಟಿ. ಶಿವಮೊಗ್ಗದ ಬಸ್ಸು ಬಂದು ಜನ ಮುಗಿಬಿದ್ದಿದ್ದರು. ಸಾಜಿದಾ ಎಂಬ ಹೆಂಗಸಿನ ಪರ್ಸನ್ನು ಯಾರೋ ಹಾರಿಸಿದ್ದರು. ಅವಳು ಗಾಬರಿಯಿಂದ ಓಡಿಬಂದು ಹಿಂದಿನಿಂದ ಪ್ರಮೀಳಾಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, "ಮೇಡಂ, ಬಿಡಬ್ಯಾಡ್ರಿ, ಹಿಡೀರಿ ಅವನ್ನ!" ಎಂದು ಕೂಗಿದಳು.

ಆಮೇಲೆ ಏನಾಯಿತು ಎಂಬುದನ್ನು ಪ್ರಮೀಳಾ ನೋಡಿದ್ದು ಬೇರೆಯವರ ಮೊಬೈಲಿನಲ್ಲಿ. ಅದರಲ್ಲಿ ಒಬ್ಬ ಪೊಲೀಸ್ ಹೆಂಗಸು ಕಿರುಚಿ, ಕೈ ಕೊಡವಿ, ತಿರುಗಿ, ಹಿಂದಿದ್ದವಳನ್ನು ಎರಡೂ ಕೈಯಲ್ಲಿ ನೂಕುತ್ತಾಳೆ. ಆಕೆ ಪಕ್ಕಕ್ಕೆ ಮುಗ್ಗರಿಸಿ, ಮುಖ ಅಡಿಯಾಗಿ ನಿಲ್ದಾಣದ ಮೆಟ್ಟಿಲ ಮೇಲೆ ಬೀಳುತ್ತಾಳೆ. ಬಾಯಲ್ಲಿ ರಕ್ತ. ಪೊಲೀಸ್ ಹೆಂಗಸು ಅಲ್ಲೇ ನಿಂತು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಾಳೆ. ಪ್ರಮೀಳಾ ಮೂರು ಸಲ ನೋಡಿದಳು. ಅದು ತಾನೇ ಎಂದು ನಂಬಲಾಗಲಿಲ್ಲ. ನೂಕಿದ್ದು ನೆನಪಿನಲ್ಲೇ ಇರಲಿಲ್ಲ.

ಸಂಜೆಯೊಳಗೆ ಮೆಮೊ ಬಂತು. ಅದನ್ನು ಕೈಗೆ ಕೊಟ್ಟವರು ಎಎಸ್‌ಐ ಗೌಸ್‌ಪೀರ್. ಕೆರೆಬಿಳಚಿಯವರು, ಐವತ್ತಾರು ವರ್ಷ, ರಿಟೈರಾಗಲು ನಾಲ್ಕು ವರ್ಷ ಬಾಕಿ. ಠಾಣೆಯಲ್ಲಿ ಎಂಥ ಗಲಾಟೆಯಾದರೂ ದನಿ ಏರಿಸದ ಮನುಷ್ಯ. ಮೆಮೊಗೆ ಸಹಿ ಹಾಕಿಸಿಕೊಂಡು, "ಬಾರಮ್ಮ, ಚಾ ಕುಡಿಯಾನ," ಎಂದು ಎದುರಿನ ಹೋಟೆಲಿಗೆ ಕರೆದುಕೊಂಡು ಹೋದರು. ಬೈಯುತ್ತಾರೆ ಎಂದುಕೊಂಡಿದ್ದಳು.

"ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಿಲ್ಲ ಅಂತ ಅಲ್ಲ, ಕೆಲವ್ರಿಗೆ ಗೊತ್ತೈತೆ," ಅಂದರು. "ಒಂಬತ್ತು ವರ್ಷದ ಹಿಂದೆ ವಾರಂಟ್ ಹಿಡಕೊಂಡು ಜಗಳೂರಿಗೆ ಹೊಂಟಿದ್ವಿ. ಬೈಕು ನಂದು. ಹಿಂದೆ ಕೂತಿದ್ದೋನು ದುರುಗಣ್ಣ, ನನ್ನ ಜೊತೆಗೇ ಕೆಲಸಕ್ಕೆ ಸೇರಿದ್ದೋನು. ಲಾರಿ ಸವರಿಕೊಂಡು ಹೋತು. ನಂಗೆ ಮೊಣಕೈ ತರಚಿತು, ಅಷ್ಟೇ. ಅವನು ಅಲ್ಲೇ ಹೋದ."

ಪ್ರಮೀಳಾ ಲೋಟವನ್ನು ಮುಟ್ಟಲಿಲ್ಲ.

"ಮೂರನೇ ದಿನ ಡ್ಯೂಟಿಗೆ ಬಂದೆ. ಎಲ್ಲಾ ಸರಿ ಐತೆ ಅಂದೆ. ನಾಲ್ಕು ತಿಂಗಳಾದ ಮೇಲೆ ಒಂದಿನ ಠಾಣೆ ಡೈರಿಗೆ ಸೈನ್ ಹಾಕಿದೆ. ಠಾಣೆ ದಾಖಲೆ ಬರೆಯೋ ನಮ್ಮ ರೈಟರ್ ನೋಡಿ ಬೆಚ್ಚಿಬಿದ್ದ. ಹಿಂದಿನ ಹಾಳೆ ತಿರುವಿದ. ಹತ್ತು ದಿನದಿಂದ ನಾನು ಹಾಕ್ತಿದ್ದದ್ದು ನನ್ನ ಸೈನಲ್ಲ. ದುರುಗಣ್ಣಂದು. ಅವನ ಅಕ್ಷರದಾಗೇ, ಅವನ ಬೆಲ್ಟ್ ನಂಬರ್ ಸಮೇತ."

ಪ್ರಮೀಳಾ ಅವರ ಕೈಯನ್ನು ನೋಡಿದಳು. ಈ ಮನುಷ್ಯನ ಪಕ್ಕದ ಟೇಬಲ್ಲಿನಲ್ಲಿ ಎರಡು ತಿಂಗಳಿನಿಂದ ಕುಳಿತಿದ್ದಳು.

"ಚಾನಲ್ಲಿಂದು ಪೇಪರ್‌ನಾಗೆ ಓದೀನಿ. ನಿಂಗೆ ಹುಚ್ಚು ಹಿಡಿದಿಲ್ಲಮ್ಮ. ಆ ಹೆಂಗಸಿನ ತಪ್ಪೂ ಇಲ್ಲ," ಅಂದರು ಗೌಸ್‌ಪೀರ್. "ಎರಡು ಕೆಲಸ ಮಾಡು. ದಾವಣಗೆರೆ ಜಿಲ್ಲಾಸ್ಪತ್ರೆಯಾಗೆ ಮನಸ್ಸಿನ ಡಾಕ್ಟ್ರು ಅದಾರೆ, ನಾನೂ ಹೋಗ್ತೀನಿ ಅವ್ರತ್ರ, ಅಲ್ಲಿಗೆ ಹೋಗು. ಆಮೇಲೆ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹೊನ್ನಾಳಿಗೆ ಬಾ."

ಹೊನ್ನಾಳಿಯಲ್ಲಿ ಪೊಲೀಸರ ಯೂನಿಫಾರ್ಮ್ ಹೊಲಿಯುವ ಅರ್ಫಾತ್ ಎಂಬ ಟೈಲರ್ ಇದ್ದಾನೆ. ಅಂಗಡಿಯ ಮೇಲೆ ಒಂದು ಕೋಣೆ. ಅಲ್ಲಿ ನಾಲ್ಕು ತಾಲ್ಲೂಕಿನ ಏಳೆಂಟು ಪೊಲೀಸರು ಸೇರುತ್ತಿದ್ದರು. ಇದನ್ನು ಶುರುಮಾಡಿದವರು ಗೌಸ್‌ಪೀರ್. ಯೂನಿಫಾರ್ಮ್ ಹಾಕಿಕೊಂಡು ಬರುವಂತಿಲ್ಲ, ಯಾರನ್ನೂ 'ಸಾರ್' ಅನ್ನುವಂತಿಲ್ಲ, ಯಾರಿಗೂ 'ಧೈರ್ಯ ತಂದ್ಕೊ' ಎಂದು ಬುದ್ಧಿ ಹೇಳುವಂತಿಲ್ಲ. ಕೇಳಬೇಕು, ಅಷ್ಟೇ.

ಪ್ರಮೀಳಾ ಮೇ ತಿಂಗಳಲ್ಲಿ ಮೊದಲ ಸಲ ಹೋದಳು. ಆ ಹೊತ್ತಿಗೆ ಡಾಕ್ಟರ ಮಾತ್ರೆ ತೆಗೆದುಕೊಳ್ಳತೊಡಗಿ ಒಂದು ತಿಂಗಳಾಗಿತ್ತು. ಮೆಟ್ಟಿಲು ಹತ್ತಿದವಳು ಬಾಗಿಲಲ್ಲೇ ನಿಂತಳು. ಗೋಡೆಗೆ ಒರಗಿ ಕುಳಿತಿದ್ದವನು ಅರುಣ. ಹತ್ತು ಕೆಜಿಯಾದರೂ ಇಳಿದಿದ್ದ. ಫೋಟೊದಲ್ಲಿ ನಗುತ್ತಿದ್ದವನ ಕೆನ್ನೆ ಒಳಕ್ಕೆ ಹೋಗಿತ್ತು.

"ಇವನನ್ನೂ ನಾನೇ ಕರೆದದ್ದು. ಇಬ್ಬರೂ ಬರ್ತೀರ ಅಂತ ಒಬ್ಬರಿಗೊಬ್ಬರಿಗೆ ಹೇಳಿಲ್ಲ ನಾನು," ಅಂದರು ಗೌಸ್‌ಪೀರ್. "ಹೇಳಿದ್ರೆ ಇಬ್ಬರೂ ಬರ್ತಿರಲಿಲ್ಲ. ಇದು ನನ್ನ ತಪ್ಪಾದ್ರೆ ಬೈರಿ."

ಮೊದಲು ಪ್ರಮೀಳಾಳೇ ಹೇಳಿದಳು. ಬಿಡಲ್ಲ ಅಂದದ್ದು, ಬಿಟ್ಟದ್ದು, ಬೆರಳಿನ ಗುರುತು, ಎಲ್ಲವನ್ನೂ. "ನನ್ನ ಕೈಯಾಗೆ ಇದ್ಲು. ನಾನು ಬಿಟ್ಟೆ," ಎಂದು ಮುಗಿಸಿದಳು.

ಅರುಣ ತಲೆ ಎತ್ತಿದ.

"ನೀನು ಬಿಡಲಿಲ್ಲಕ್ಕ."

ಪ್ರಮೀಳಾ ಅವನ ಕಡೆ ತಿರುಗಿದಳು.

"ನಾನು ಎಳೆದೆ," ಅಂದ ಅರುಣ. "ಆ ಹುಡುಗಿ ನೀರೊಳಗೆ ಒಂದು ಸೀರೆಗೆ ಸಿಕ್ಕಾಕ್ಕೊಂಡಿದ್ಲು. ಕುತ್ತಿಗೆಗೆ ಸುತ್ತಿತ್ತು. ಕೆಸರು ನೀರು, ಏನೂ ಕಾಣ್ತಿರಲಿಲ್ಲ. ಅದು ಯಾರ ಸೀರೆ, ಇನ್ನೊಂದು ತುದಿ ಎಲ್ಲೈತೆ, ನಂಗೆ ಗೊತ್ತಿರಲಿಲ್ಲ. ಕಾಲು ಗೋಡೆಗೆ ಕೊಟ್ಟು ಜೋರಾಗಿ ಎಳೆದೆ. ಮೇಲಿಂದ ಏನೋ ಕಿತ್ಕೊಂಡು ಬಂತು. ಸೀರೆ ಸಡಿಲಾತು, ಹುಡುಗಿ ಬಂದ್ಲು. ನನ್ನ ಪಕ್ಕದಾಗೇ ಒಂದು ಮೈ ಹಾದು ಹೋತು ಅಕ್ಕ. ಮುಟ್ಟಿದೆ ನಾನು ಅದನ್ನ. ಎರಡನ್ನೂ ಹಿಡಿಯಾಕೆ ಆಗಲಿಲ್ಲ."

ಪ್ರಮೀಳಾ ಎದ್ದಳು. ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲಿಳಿದು, ಮೇ ತಿಂಗಳ ಬಿಸಿಲಿನಲ್ಲಿ ಕಾದ ರಸ್ತೆಯ ಮೇಲೆ ನಡೆದಳು. ಕಾಲು ಸುಡುತ್ತಿದ್ದದ್ದು ತಿಳಿಯಲಿಲ್ಲ. ಏಳು ತಿಂಗಳು. ಏಳು ತಿಂಗಳಿನಿಂದ ತನ್ನ ಕೈಯನ್ನು ತಾನೇ ಮುಟ್ಟಿಕೊಳ್ಳಲು ಹೇಸುತ್ತಿದ್ದಳು. ಇವನಿಗೆ ಗೊತ್ತಿತ್ತು! ಹಿಂದೆ ಗೌಸ್‌ಪೀರ್ ಬರುತ್ತಿದ್ದರು. ಅವಳು ನಿಂತಾಗ ಅವರೂ ನಿಂತರು.

"ಅವನ್ಯಾಕೆ ಹೇಳಲಿಲ್ಲ ನಂಗೆ?" ಎಂದು ಕೂಗಿದಳು. "ಒಂದು ಫೋನ್ ಮಾಡಾಕೆ ಏನಾಗಿತ್ತು ಅವನಿಗೆ?"

"ನೀನು ಮಾಡಿದ್ದೇನಮ್ಮ?"

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹೇಳದೆ ಕೇಳದೆ ನ್ಯಾಮತಿಗೆ ವರ್ಗ ಮಾಡಿಸಿಕೊಂಡು ಬಂದದ್ದು, ಅವನ ಎರಡು ಫೋನನ್ನು ಎತ್ತದೆ ಬಿಟ್ಟದ್ದು ನೆನಪಾಯಿತು. ಅವನು ಆ ಫೋನು ಮಾಡಿದ್ದು ಯಾಕಿರಬಹುದು ಎಂದು ಆವತ್ತಿನ ತನಕ ಯೋಚಿಸಿರಲಿಲ್ಲ.

ತಿರುಗಿ ಮೇಲೆ ಹೋದಳು. ಅರುಣ ಕುಳಿತಲ್ಲೇ ಕುಳಿತಿದ್ದ. ಅವನ ಪಕ್ಕದಲ್ಲಿ ಕುಳಿತು, "ಮೊದ್ಲಿಂದ ಹೇಳು," ಅಂದಳು. ಅವನು ನೀರಿನೊಳಗಿನದನ್ನು ಹೇಳಿದ, ಇವಳು ದಡದ ಮೇಲಿನದನ್ನು ಹೇಳಿದಳು. ಇಬ್ಬರೂ ನೋಡಿದ್ದು ಒಂದೇ ಅರ್ಧ ನಿಮಿಷ. ಇಬ್ಬರಿಗೂ ಅರ್ಧವೇ ಗೊತ್ತಿತ್ತು. ಹೇಳುತ್ತ ಹೇಳುತ್ತ ಪ್ರಮೀಳಾಗೆ ಅಳು ಬಂತು. ಅಕ್ಟೋಬರಿನಿಂದ ಬಾರದಿದ್ದದ್ದು. ಪಕ್ಕದಲ್ಲಿದ್ದವರು ಕಣ್ಣೊರೆಸಿಕೊ ಅನ್ನಲಿಲ್ಲ, ಕಿಟಕಿ ತೆಗೆದು ಸುಮ್ಮನೆ ಕುಳಿತರು.

ಅಲ್ಲಿಂದ ಎಲ್ಲವೂ ಸರಿಯಾಯಿತು ಅಂತೇನೂ ಇಲ್ಲ. ಸಾಜಿದಾಳ ಮನೆಗೆ ಹೋಗಿ ಪ್ರಮೀಳಾ ಕ್ಷಮೆ ಕೇಳಿದಳು. ಚಾನಲ್ಲಿನ ಕತೆಯನ್ನೂ ಹೇಳಿದಳು. ಸಾಜಿದಾ ಎಲ್ಲ ಕೇಳಿಸಿಕೊಂಡು, "ನಿಮ್ಮ ಕಷ್ಟ ನಿಮಗೆ ಇರಬಹುದು ಮೇಡಂ, ನನ್ನ ಮುಂದಿನ ಹಲ್ಲು ಎರಡು ಹೋಗ್ಯಾವೆ," ಎಂದು ಒಳಗೆ ಹೋದಳು. ವಿಚಾರಣೆಯಲ್ಲಿ ಒಂದು ಇನ್‌ಕ್ರಿಮೆಂಟ್ ಕಡಿತವಾಯಿತು. ಪ್ರಮೀಳಾ ಅದಕ್ಕೆ ಮೇಲ್ಮನವಿ ಹಾಕಲಿಲ್ಲ. ಅರುಣನಿಗೆ ಈಗಲೂ ಕೆಲವು ದಿನ ಊಟ ಸೇರುವುದಿಲ್ಲ. ಅಂಥ ದಿನ ಅವನು ಫೋನ್ ಮಾಡುತ್ತಾನೆ. ಇವಳು ಡ್ಯೂಟಿಯಲ್ಲಿದ್ದರೂ ಎತ್ತುತ್ತಾಳೆ.

ಭಾನುವಾರದ ಕೋಣೆಗೆ ಹೊಸಬರು ಬರುತ್ತಿರುತ್ತಾರೆ. ಜಗಳೂರು ಕಡೆಯ ಕಲ್ಪನಾ ಎಂಬ ಸಬ್ ಇನ್ಸ್‌ಪೆಕ್ಟರ್ ಸತತ ಮೂರು ತಿಂಗಳು ಬಂದು ಒಂದು ಮಾತೂ ಆಡದೆ ಹೋದರು. ಪ್ರಮೀಳಾ ಮೂರು ಸಲವೂ ಅವರ ಪಕ್ಕ ಕುಳಿತಳು. ನಾಲ್ಕನೇ ತಿಂಗಳು ಅವರು, "ಒಂದು ಮಗು," ಎಂದು ಶುರುಮಾಡಿ ನಿಲ್ಲಿಸಿದರು. ಅವತ್ತಿಗೆ ಅಷ್ಟೇ ಸಾಕು ಎಂದು ಎಲ್ಲರಿಗೂ ಗೊತ್ತಿತ್ತು.

ಕಾಟಮ್ಮನ ಮನೆಗೆ ಹೋಗಬೇಕು ಎಂದು ಪ್ರಮೀಳಾ, ಅರುಣ ಎರಡು ಸಲ ಹೊರಟು ಊರ ಮುಂದಿನಿಂದಲೇ ವಾಪಸ್ಸಾಗಿದ್ದರು. ಮರುವರ್ಷ ಆಗಸ್ಟಿನಲ್ಲಿ ಮೂರನೇ ಸಲ ಹೊರಟವರು ಮನೆಯ ತನಕ ಹೋದರು. ಕಾಟಮ್ಮನ ಅತ್ತೆ ಕರಿಬಸಮ್ಮ ಒಬ್ಬರೇ ಇದ್ದರು. ಜಗುಲಿಯ ಮೇಲೆ ಕುಳಿತು ಇಬ್ಬರೂ ಹೇಳಿದರು. ಕೈ ಹಿಡಿದದ್ದು, ಸೀರೆ ಎಳೆದದ್ದು, ಏನನ್ನೂ ಬಿಡಲಿಲ್ಲ. ಕರಿಬಸಮ್ಮ ಎದ್ದು, ಒಳಗೆ ಹೋಗಿ, ಬಾಗಿಲು ಹಾಕಿಕೊಂಡರು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಎದ್ದು ಹೋಗುವುದೋ, ಕೂರುವುದೋ ತಿಳಿಯಲಿಲ್ಲ. ಪ್ರಮೀಳಾ ಅರುಣನ ಕೈ ಹಿಡಿದುಕೊಂಡು ಕುಳಿತಳು.

ತುಂಬ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಕರಿಬಸಮ್ಮ ಎರಡು ಲೋಟ ನೀರು ತಂದು ಅವರ ಮುಂದಿಟ್ಟು, ಎದುರಿಗೆ ಕುಳಿತರು.

"ಯಾರೂ ನಮಗೆ ಏನೂ ಹೇಳಿರಲಿಲ್ಲಪ್ಪ. ಹೆಣ ಕೊಟ್ರು, ಒಂದು ಚೀಟಿ ಕೊಟ್ರು, ಅಷ್ಟೇ," ಅಂದರು. "ಇನ್ನೊಂದ್ಸಲ ಹೇಳ್ರಿ. ನಿಧಾನಕ್ಕೆ ಹೇಳ್ರಿ. ನಂಗೆ ಕಿವಿ ಸ್ವಲ್ಪ ಮಂದ."

ಅರುಣ ನೀರು ಕುಡಿದು, ದನಿ ಸ್ವಲ್ಪ ಏರಿಸಿ, ಮೊದಲಿನಿಂದ ಹೇಳಲು ಶುರುಮಾಡಿದ.