ಬು ರುಬಿನೆಮ್‌ಳ ಎದೆನೋವಿನ ಪಾಠ

ಕ್ಲಾತೆನ್ ಊರಿನ ನಮ್ಮ ಓಣಿಯಲ್ಲಿ, ಎಲ್ಲರೂ ಬು, ಅಂದರೆ ಅಮ್ಮ, ಎಂದು ಕರೆಯುವ ರುಬಿನೆಮ್‌ಳಷ್ಟು ಸಲ ಸತ್ತು ಬದುಕಿದವರು ಬೇರೊಬ್ಬರಿಲ್ಲ. ನಾನು ತಜ್ಞರ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಸರ್ಕಾರಿ ಡಾಕ್ಟರು, ಅವಳ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಪುಸ್ತಕದಲ್ಲಿದ್ದುದೆಲ್ಲ ನನಗೆ ಬಾಯಿಪಾಠ. ಆದರೆ ಪರೀಕ್ಷಕರು ಒಬ್ಬ ರೋಗಿಯನ್ನು ಎದುರಿಗೆ ಮಲಗಿಸಿದರೆ ಸಾಕು, ಬಾಯಿ ಕಟ್ಟಿಹೋಗುತ್ತಿತ್ತು. ಅದಕ್ಕೇ ಅಭ್ಯಾಸಕ್ಕೆ ರೋಗಿಯ ಹಾಗೆ ನಟಿಸಲು ಅವಳನ್ನು ಒಪ್ಪಿಸಿದೆ.

ಬೇಯಿಸಿದ ಸೊಪ್ಪಿಗೆ ಶೇಂಗಾ ಚಟ್ನಿ ಸುರಿದ ಪೆಚೆಲ್‌ನ ಬೆಳಗಿನ ಮಾರಾಟ ಮುಗಿಸಿ, ಕೈಗಂಟಿದ ಚಟ್ನಿ ತೊಳೆದು, ಅವಳು ಬೆಂಚಿನ ಮೇಲೆ ಒರಗುತ್ತಿದ್ದಳು. ಒಂದು ದಿನ ದಮ್ಮು, ಒಂದು ದಿನ ಸಕ್ಕರೆ ಇಳಿದು ಪ್ರಜ್ಞೆ ತಪ್ಪುವುದು. ಎದೆನೋವಿನಲ್ಲಂತೂ ಅವಳನ್ನು ಮೀರಿಸುವವರಿಲ್ಲ. ಮುಷ್ಟಿಯನ್ನು ಎದೆಗೊತ್ತಿ, ಭಾರ ಹೇರಿದ ಹಾಗಿದೆ, ಎಡಗೈ ಸೇದುತ್ತಿದೆ, ಬೆವರು ಕಿತ್ತು ಬರುತ್ತಿದೆ ಎಂದು ನರಳುವಳು. ಅಲ್ಲಿಗೆ ಅವಳ ಪಾಲು ಮುಗಿಯಿತು. ಆಮೇಲಿನದು ನನ್ನದು: ಆಸ್ಪಿರಿನ್ ಅಗಿಸಬೇಕು, ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂದು ಗಿಳಿಪಾಠ ಒಪ್ಪಿಸುವುದು. ಅಷ್ಟರಲ್ಲಿ ಅವಳಿಗೆ ಜೊಂಪು ಹತ್ತಿರುತ್ತಿತ್ತು. ಅವಳ ಗಂಡ ಪಾಕ್ ಕಾರ್ಸೊನೊ ಬಾಗಿಲಲ್ಲಿ ಲವಂಗದ ಸಿಗರೇಟು ಸೇದುತ್ತಾ ಛೇಡಿಸುತ್ತಿದ್ದ.

"ಇವಳು ಇಷ್ಟ್ ಚೆನ್ನಾಗಿ ಸಾಯೋದ್ ನೋಡಿದ್ರೆ ನಂಗೆ ಇನ್ನೊಂದು ಮದುವೆ ಆಸೆ ಹುಟ್ತದೆ ಡಾಕ್ಟ್ರೇ."

ನಮ್ಮ ಕಡೆ ಮೈಗೆ ಏನೇ ಆದರೂ ಗಾಳಿ ಹೊಕ್ಕಿದೆ ಎನ್ನುತ್ತಾರೆ. ಬೆನ್ನಿಗೆ ಮುಲಾಮು ಸವರಿ ನಾಣ್ಯದ ಅಂಚಿನಿಂದ ಗೀರುತ್ತಾರೆ. ಗೀರು ಕಪ್ಪಾದಷ್ಟೂ ಗಾಳಿ ಹೊರಬಿತ್ತೆಂದು ಲೆಕ್ಕ. ಎದೆ ಹಿಡಿದುಕೊಂಡರೆ ಅದು ಕುಳಿತ ಗಾಳಿ, ಇನ್ನೂ ಗಟ್ಟಿಯಾಗಿ ಗೀರಬೇಕು. ನಾನೇನು ಇದನ್ನು ತಿದ್ದಲು ಹೋದವನಲ್ಲ. ನೆಗಡಿಯಾದರೆ ನಾನೂ ರುಬಿನೆಮ್‌ಗೆ ಬೆನ್ನು ಒಡ್ಡಿದವನೇ.

ಮೂರನೇ ಸಲದ ಪರೀಕ್ಷೆಗೆ ಜೋಗ್ಜ ನಗರಕ್ಕೆ ಹೋದೆ. ಫೋನನ್ನು ಬಾಗಿಲಲ್ಲೇ ಕಿತ್ತಿಟ್ಟುಕೊಂಡರು. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬ ರೋಗಿ, ಮೂರನೆಯದರಲ್ಲಿ ಸಿಕ್ಕಿದ್ದು ಎದೆನೋವಿನ ರೋಗಿ. ರುಬಿನೆಮ್‌ಳನ್ನೇ ನೆನೆದುಕೊಂಡು ಎಲ್ಲೂ ತಡವರಿಸದೆ ಹೇಳಿದೆ. ಪರೀಕ್ಷಕರು ತಲೆದೂಗಿದರು. ಹೊರಗೆ ಬಂದು ಫೋನು ನೋಡಿದರೆ ಅವಳ ಹನ್ನೊಂದು ಕರೆ. ಮೊದಲನೆಯದು ಒಂಬತ್ತೂ ನಲವತ್ತಕ್ಕೆ, ಕೊನೆಯದು ಹನ್ನೊಂದಕ್ಕೆ.

ಕಾರ್ಸೊನೊ ಸೈಕಲ್ಲಿನ ಚೈನು ಸರಿಮಾಡುತ್ತಿದ್ದವನು ಎದೆ ಹಿಡಿದುಕೊಂಡು ಹಾಗೇ ನೆಲಕ್ಕೆ ಕೂತನಂತೆ. ಅಕ್ಕಪಕ್ಕದವರು ಕುಳಿತ ಗಾಳಿ ಎಂದರು. ರುಬಿನೆಮ್ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ನಾಣ್ಯ ಹಿಡಿದಳು. ಗೀರು ಕಪ್ಪಗೆ ಎದ್ದಿತು. ಇನ್ನೇನು ಸರಿಹೋಗುತ್ತಾನೆ ಎಂದು ಎಲ್ಲರಿಗೂ ಸಮಾಧಾನ. ಆಸ್ಪತ್ರೆ ಹತ್ತು ನಿಮಿಷದ ದಾರಿ. ಹನ್ನೊಂದೂಕಾಲಕ್ಕೆ ಅವನು ಹೋಗಿಬಿಟ್ಟ.

ನಾನು ಬಂದು ಸೇರಿದಾಗ ಮೈ ತೊಳೆಯುತ್ತಿದ್ದರು, ಗಂಡಸರ ಜೊತೆ ನಾನೂ ನಿಂತೆ. ಮಗ್ಗುಲು ಮಾಡಿದಾಗ ಬೆನ್ನು ಕಂಡಿತು. ಕುತ್ತಿಗೆಯಿಂದ ಸೊಂಟದವರೆಗೆ ಒಂದಿಷ್ಟೂ ಜಾಗ ಬಿಡದೆ ಗೀರಿದ್ದಳು. ಪಾಪ, ಕೈಲಾದದ್ದೆಲ್ಲ ಮಾಡಿದ್ದಾಳೆ ಎಂದು ಒಬ್ಬರು ಹೇಳಿದರು, ಎಲ್ಲರೂ ಹೌದೆಂದರು. ನಾನು ನೀರು ಹೊಯ್ಯುತ್ತಾ ಹೋದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಣ್ಣು ಮಾಡಿ ಬಂದ ಮೇಲೆ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದಳು. ಆಸ್ಪತ್ರೆಗೆ ಒಯ್ದಿದ್ದರೂ ಉಳಿಯುತ್ತಿರಲಿಲ್ಲ ಎಂದು ಸುಳ್ಳು ಹೇಳಲು ಸಿದ್ಧನಾಗಿಯೇ ಹೋಗಿದ್ದೆ. ಅವಳೇ ಮೊದಲು ಮಾತಾಡಿದಳು.

"ನಾನು ಮಾಡಿ ತೋರಿಸ್ತಿದ್ನಲ್ಲ, ಆ ಎದೆನೋವೇ ಅಂತ ನಂಗೆ ನೋಡಿದ್ ಕೂಡ್ಲೇ ಗೊತ್ತಾಯ್ತು ಡಾಕ್ಟ್ರೇ. ಆಮೇಲಿಂದು ನೀವು ಹೇಳೋದಲ್ವಾ, ಅದಕ್ಕೆ ಕಾಯ್ತಾ ಇದ್ದೆ."

ಆಮೇಲೆ, ಈ ಸಲ ಪಾಸಾಗುತ್ತೀರಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನನಗೆ ಚೆನ್ನಾಗಿ ಗೊತ್ತಿತ್ತು.