ಹತ್ತೊಂಬತ್ತು ಎಂದು ಬರೆದ ಕೈ

ಸೇಡಂ ತಾಲ್ಲೂಕಿನ ಆಡಕಿಯಿಂದಾಚೆಯ ಒಂದು ಹಳ್ಳಿಗೆ ಮಹಾದೇವಮ್ಮ ನರ್ಸಾಗಿ ಬಂದು ಇಪ್ಪತ್ತೆರಡು ವರ್ಷ. ಅರ್ಧ ಊರು ತನ್ನ ಕೈಯಲ್ಲೇ ಹುಟ್ಟಿದ್ದು ಎಂಬ ಹಮ್ಮು ಅವಳಿಗಿತ್ತು, ಇದ್ದರೆ ತಪ್ಪೇನು? ಆದರೆ ಅದೇ ಕೈ ಒಂದು ಸುಳ್ಳನ್ನೂ ಬರೆಯುತ್ತಿತ್ತು. ಹದಿನಾರರ ಬಸುರಿಯನ್ನು ಮುಂದೆ ಕೂರಿಸಿ ಮನೆಯವರು, "ಹತ್ತೊಂಬತ್ತು ಬರ್ಕೋರಿ ಅಕ್ಕಾವ್ರ, ಇಲ್ಲಂದ್ರ ಪೊಲೀಸ್ರು ಬರ್ತಾರ," ಎಂದು ಕೈ ಮುಗಿಯುತ್ತಿದ್ದರು. ನಿಜ ಬರೆದರೆ ಇವರು ಆಸ್ಪತ್ರೆಯ ಕಡೆಗೇ ಸುಳಿಯುವುದಿಲ್ಲ ಎಂದು ಹೆದರಿ ಅವಳು ಹತ್ತೊಂಬತ್ತೆಂದೇ ಬರೆಯುತ್ತಿದ್ದಳು.

ಹೋದ ಚಳಿಗಾಲದಲ್ಲಿ, ಒಂಬತ್ತನೇ ತರಗತಿಗೇ ಮನೆಯವರು ಶಾಲೆ ಬಿಡಿಸಿದ್ದ ಭುವನೇಶ್ವರಿ ಹೆರಿಗೆಯಲ್ಲಿ ಸಾಯುವುದೊಂದು ಬಾಕಿ ಇತ್ತು. ಸೇಡಂ ದಾಟಿ ಕಲಬುರಗಿವರೆಗೂ ಆಂಬುಲೆನ್ಸಿನಲ್ಲಿ ಅವಳ ಕೈ ಹಿಡಿದು ಕೂತ ಮಹಾದೇವಮ್ಮನಿಗೆ ಇವಳಿಗೂ ಹತ್ತೊಂಬತ್ತೆಂದೇ ಬರೆದಿದ್ದ ತನ್ನ ಮೇಲೇ ಹೇಸಿಗೆಯಾಯಿತು. ಪುಣ್ಯಕ್ಕೆ ತಾಯಿ, ಮಗು ಇಬ್ಬರೂ ಉಳಿದರು. ಇನ್ನೊಬ್ಬಳು ಹೀಗೆ ಬರಬಾರದು ಎಂದು ಅವಳು ಅಂದೇ ಗಟ್ಟಿಮಾಡಿಕೊಂಡಳು.

ಬೇಸಿಗೆಯಲ್ಲಿ ಪಂಚಾಯಿತಿ ಸಭೆ ಸೇರಿತು. ಎಳೆಯ ಹುಡುಗಿಯರು ಬಸುರಾಗುವುದನ್ನು ತಡೆಯಲು ಯಾವ ಕಾರ್ಯಕ್ರಮ ಹಿಡಿಯಬೇಕು ಎಂಬುದೇ ವಿಷಯ. ಒಂದು, ಎಂದಿನ ಜಾಥಾ: ಬ್ಯಾನರು, ಪ್ರತಿಜ್ಞೆ, ಭಾಷಣ, ಉಪ್ಪಿಟ್ಟು, ಫೋಟೊ. ಇನ್ನೊಂದು, ವರ್ಷವಿಡೀ ಶನಿವಾರ ಶನಿವಾರ ಹುಡುಗ ಹುಡುಗಿಯರಿಗೆ ತಮ್ಮ ದೇಹದ ಬಗ್ಗೆ, ಇಷ್ಟವಿಲ್ಲದ್ದಕ್ಕೆ ಬೇಡ ಎನ್ನುವುದರ ಬಗ್ಗೆ ಪಾಠ. ಶಾಲೆ ಬಿಟ್ಟವರನ್ನು ಮತ್ತೆ ಸೇರಿಸುವ ಕೆಲಸ. ಈ ಪಾಠ ನಡೆದ ಊರುಗಳನ್ನೂ ನಡೆಯದ ಊರುಗಳನ್ನೂ ಹೋಲಿಸಿ, ಫಲ ಸಿಕ್ಕಿದೆ ಎಂದು ಹೇಳಿದ್ದ ವರದಿಯನ್ನು ಮಹಾದೇವಮ್ಮ ಮೂರು ಸಲ ಓದಿ ಬಂದಿದ್ದಳು.

ಅಧ್ಯಕ್ಷ ಬಸವಲಿಂಗ ನಕ್ಕ. "ಜಾಥಾದಿಂದ್ಲೇ ಕೆಲ್ಸ ಆಗ್ಯಾದಲ್ರಿ. ನಿಮ್ದೇ ರಜಿಸ್ಟರ್ ನೋಡ್ರಿ. ಐದ್ ವರ್ಷದಾಗ ಹತ್ತೊಂಬತ್ತರ ಕೆಳಗ ಒಬ್ಬಾಕೀನೂ ಇಲ್ಲ!"

ಸಭೆ ತಲೆಯಾಡಿಸಿತು. ಬಾಯಿ ಬಿಟ್ಟರೆ ಮಹಾದೇವಮ್ಮನ ನೌಕರಿಗೆ ಕುತ್ತು, ಬಿಡದಿದ್ದರೆ ಮತ್ತೆ ಅದೇ ಉಪ್ಪಿಟ್ಟು. ಎದ್ದು ಆಸ್ಪತ್ರೆಗೆ ಹೋದವಳು ಬೀರುವಿನ ತಳದಲ್ಲಿದ್ದ ಹಳೆಯ ಹೆರಿಗೆ ರಜಿಸ್ಟರನ್ನು ತಂದು ಹೊಸದರ ಪಕ್ಕದಲ್ಲಿ ಇಟ್ಟಳು.

"ಈ ಹುಡುಗ್ಯಾರು ಹುಟ್ಟಿದ್ದು ಇದರಾಗ ಅದ, ಹಡದದ್ದು ಅದರಾಗ ಅದ. ಎರಡೂ ನಾನೇ ಬರದದ್ದು. ಹೆಸರು ಜೋರಾಗಿ ಓದಬ್ಯಾಡ್ರಿ, ವಯಸ್ಸಷ್ಟೇ ಎಣಿಸ್ರಿ."

ಬಸವಲಿಂಗ ಬೆರಳು ಮಡಚುತ್ತ ಎಣಿಸಿದ. ಹದಿನೇಳು, ಹದಿನಾರು. ಮೂರನೆಯ ಹೆಸರಿಗೆ ಬಂದಾಗ ಬೆರಳು ನಿಂತಿತು. ಅದು ಅವನ ಅಣ್ಣನ ಮಗಳದು.

"ಹತ್ತೊಂಬತ್ತು ಅನ್ನೋದು ಸುಳ್ಳರಿ," ಎಂದಳು ಮಹಾದೇವಮ್ಮ. "ನನ್ನ ಮ್ಯಾಲ ಏನ್ ಬರೀತೀರಿ ಬರೀರಿ. ಶನಿವಾರದ ಪಾಠ ಮಾತ್ರ ಶುರು ಮಾಡ್ರಿ."

ಪಾಠಕ್ಕೆ ಠರಾವಾಯಿತು, ವಾರದೊಳಗೆ ಅವಳಿಗೆ ಇಲಾಖೆಯ ನೋಟಿಸೂ ಬಂತು. ವಿಚಾರಣೆ ಇನ್ನೂ ನಡೆಯುತ್ತಿದೆ.

ಮೊದಲ ಶನಿವಾರ ಶಾಲೆಯ ಬಾಗಿಲಲ್ಲಿ ಮೊದಲು ಬಂದು ನಿಂತವಳು ಭುವನೇಶ್ವರಿ, ಸೊಂಟದಲ್ಲಿ ಕೂಸು.

"ನಾನೂ ಕುಂದ್ರಬಹುದೇನ್ರಿ?"

"ಬಾರವ್ವ," ಎಂದು ಮಹಾದೇವಮ್ಮ ಹಾಜರಿ ಪುಸ್ತಕ ತೆರೆದಳು. "ವಯಸ್ಸೆಷ್ಟು?"

ಹುಡುಗಿ ಹಿಂದೆ ಮುಂದೆ ನೋಡಿದಳು. "ನೀವು ಎಷ್ಟ್ ಬರ್ಕೋತೀರಿ ಅಷ್ಟು."

"ಇದ್ದದ್ದು ಹೇಳು."

"ಹದಿನೇಳು."

ಮಹಾದೇವಮ್ಮ ಹೊಸ ಪುಸ್ತಕದ ಮೊದಲ ಸಾಲಿನಲ್ಲಿ ಹದಿನೇಳು ಎಂದು ಬರೆದಳು.