ಅಪ್ಪ ಕೊಟ್ಟ ಭಾನುವಾರ

ಹಕ್ಕಿ ನೋಡುವ ಹುಚ್ಚು ಹತ್ತಿದಾಗಿನಿಂದ ನಾನು ಕಾಗೆಯನ್ನು ಹಕ್ಕಿ ಎಂದು ಎಣಿಸಿದವನೇ ಅಲ್ಲ. ವಾಸ್ಕೋದ ನಮ್ಮ ಮನೆಯ ಮಾಳಿಗೆಯಿಂದ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡದ ಕಾಡು ಕಾಣುತ್ತದೆ. ಮಿಂಚುಳ್ಳಿ, ಕಡಲ ಹದ್ದು, ಒಮ್ಮೆ ಮಂಗಟ್ಟೆ ಕೂಡ ನನ್ನ ನೋಟ್‌ಬುಕ್ಕಿಗೆ ಬಂದಿವೆ. ಕಾಗೆಗೆ ಮಾತ್ರ ಜಾಗವಿರಲಿಲ್ಲ.

ಇದೆಲ್ಲ ಅಂಗಡಿ ತೆರೆಯುವ ಮೊದಲಿನ ಹತ್ತು ನಿಮಿಷದ ಸುಖ. ಭಾನುವಾರವಾದರೂ ದುರ್ಬೀನು ಹಿಡಿದು ದಂಡೆಗುಂಟ ಅಡ್ಡಾಡಬೇಕೆಂದು ಆಸೆ. ಆದರೆ ಭಾನುವಾರ ಬಟ್ಟೆ ಅಂಗಡಿ ಮುಚ್ಚಬಾರದೆಂಬುದು ಅಪ್ಪನ ಕಟ್ಟಪ್ಪಣೆ. ಅವರು ತೀರಿಕೊಂಡ ಮೇಲೆ ಅದನ್ನು ಅವ್ವ ಕಾಯುತ್ತಿದ್ದಳು.

ಹೋದ ವರ್ಷ ಅಪ್ಪನ ತಿಥಿಯ ದಿನ ಮಾಳಿಗೆ ಮೇಲೆ ಎಡೆ ಇಟ್ಟೆವು. ಕಾಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಗಂಟೆಯಾಯಿತು, ಎರಡಾಯಿತು, ಒಂದೂ ಬರಲಿಲ್ಲ. ಇಷ್ಟು ವರ್ಷ ಕೀಳಾಗಿ ಕಂಡದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿವೆ ಎಂದು ಹೆಂಡತಿ ಚುಚ್ಚಿದಳು.

ಹೋದವರ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಕಾಗೆ ಬರುವುದಿಲ್ಲ, ಬಾಯಿಬಿಟ್ಟು ಮಾತು ಕೊಟ್ಟರೆ ಬರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅವ್ವನಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಎಲ್ಲಿ ಸಿಗಬೇಕು?

"ಆ ದುರ್ಬೀನು ಬಿಡ್ತೇನಿ ಅನ್ನು. ಈಗಿಂದೀಗ ಕಾಗಿ ಬರತೈತಿ" ಎಂದಳು.

ಹಸಿವು ಒಂದು ಕಡೆ, ದುರ್ಬೀನು ಒಂದು ಕಡೆ. ಕಾಗೆ ಹುಡುಕುವ ನೆವ ಹೇಳಿ ಅದನ್ನೇ ತಂದು ನೋಡಿದೆ. ಕಾಡಿನಂಚಿನ ಮರದಲ್ಲಿ ಕಡಲ ಹದ್ದು ಕೂತಿತ್ತು. ಓಣಿಯ ಕಾಗೆಗಳೆಲ್ಲ ಅದನ್ನು ಓಡಿಸುವುದರಲ್ಲಿ ಮುಳುಗಿದ್ದವು. ಕೊನೆಗೆ ಬೇಸತ್ತ ಹದ್ದು ಸಮುದ್ರದ ಕಡೆ ಹಾರಿತು. ಕಾಗೆಗಳು ನಮ್ಮ ಮಾಳಿಗೆಯತ್ತ ತಿರುಗಿದವು. ಅವ್ವನಿಗೆ ಇನ್ನೂ ಕಂಡಿರಲಿಲ್ಲ.

ತಡಮಾಡದೆ ಕೈಮುಗಿದೆ.

"ಅಪ್ಪಾ, ಇನ್ನ ಭಾನುವಾರ ಮುಂಜಾನೆ ಅಂಗಡಿ ಮುಚ್ಚಿ ಹಕ್ಕಿ ನೋಡಾಕ ಹೋಗ್ತೇನಿ. ನಿಮಗ ಒಪ್ಪಿಗಿ ಇದ್ರ ಬಂದು ಉಣ್ರಿ."

ನಾನು ಕೈ ಇಳಿಸುವಷ್ಟರಲ್ಲಿ ಮೊದಲ ಕಾಗೆ ಹೋಳಿಗೆಯನ್ನು ಕುಕ್ಕಿತು.

ಗೆದ್ದೆನೆಂದು ಅವ್ವನ ಕಡೆ ನೋಡಿದರೆ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ನಾಚಿಕೆಯಾಯಿತು. ನಿಜ ಹೇಳಿಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ನನ್ನ ಎಲೆಗೂ ಹೋಳಿಗೆ ಬಿತ್ತು, ಹೇಳಲಿಲ್ಲ.

ಈಗ ನೋಟ್‌ಬುಕ್ಕಿನಲ್ಲಿ ಕಾಗೆಗೇ ಮೊದಲ ಸಾಲು. ಭಾನುವಾರ ಮಳೆಯಿರಲಿ, ನನಗೆ ಜ್ವರವಿರಲಿ, ಅವ್ವ ಬೆಳಕು ಹರಿಯುವ ಮೊದಲೇ ಹೊದಿಕೆ ಎಳೆದು ದುರ್ಬೀನನ್ನು ಕೈಗಿಡುತ್ತಾಳೆ.

"ಏಳು. ಅವರು ಹೂಂ ಅಂದಾರ, ತಪ್ಪಿಸಬ್ಯಾಡ."